ಮೊದಲು ಮಾಳಿಗೆ, ಆಮೇಲೆ ಕೂಲರ್, ಕೊನೆಗೆ ಏಸಿ: ಬಿಸಿಲು ಸೀಮೆಯ ಮನೆಗೆ ಕಡಿಮೆ ಖರ್ಚಿನ ತಂಪು

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಚೇರಿ ಹೀಗೆ ಬಿಸಿಲು ತಪ್ಪಿಸಿಕೊಳ್ಳಬಹುದು, ಮನೆಗೆ ಆ ದಾರಿ ಇಲ್ಲ. ಅದೂ ಅಲ್ಲದೆ ಮನೆಯ ಸಂಕಟ ಮಧ್ಯಾಹ್ನಕ್ಕಿಂತ ರಾತ್ರಿ ಹೆಚ್ಚು. ಹತ್ತು ಗಂಟೆಗೆ ಅಂಗಳದಲ್ಲಿ ಗಾಳಿ ಹಿತವಾಗಿರುತ್ತದೆ. ಒಳಗೆ ಬಂದು ಮಲಗಿದರೆ ಮೇಲಿನಿಂದ ಯಾರೋ ಹಂಚು ಹಿಡಿದಂತೆ ಮುಖಕ್ಕೆ ಬಿಸಿ ಬಡಿಯುತ್ತದೆ. ಅದು ಸ್ಲ್ಯಾಬಿನ ಬಿಸಿ. ನಾಲ್ಕೈದು ಇಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಿಂದ ನಡುರಾತ್ರಿಯವರೆಗೆ ಅದನ್ನು ಒಳಗೆ ಬಿಡುತ್ತಿರುತ್ತದೆ. ಕೂಲರ್ ಆಗಲಿ ಏಸಿ ಆಗಲಿ, ಆ ಹೊತ್ತಿನಲ್ಲಿ ಹೋರಾಡುವುದು ಹೊರಗಿನ ಗಾಳಿಯ ಜೊತೆಗಲ್ಲ, ತಲೆ ಮೇಲಿನ ಕಾದ ಕಲ್ಲಿನ ಜೊತೆಗೆ. ಹಾಗಾಗಿ ದುಡ್ಡು ಉಳಿಸಬೇಕೆಂದರೆ ಕೆಲಸ ಮೇಲಿನಿಂದಲೇ ಶುರುವಾಗಬೇಕು.

ಅದಕ್ಕೂ ಮೊದಲು ಒಂದು ಲೆಕ್ಕ.

ಯೂನಿಟ್ಟು ಎಲ್ಲಿ ಹೋಗುತ್ತದೆ

ಹಳೆಯ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ದಿನಕ್ಕೆ 16 ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್. 180 ವ್ಯಾಟಿನ ಕೂಲರ್ ದಿನಕ್ಕೆ 10 ಗಂಟೆ ನಡೆದರೆ ತಿಂಗಳಿಗೆ 54 ಯೂನಿಟ್. ಒಂದೂವರೆ ಟನ್ ಏಸಿ ರಾತ್ರಿ 8 ಗಂಟೆ ಓಡಿ, ಸರಾಸರಿ 900 ವ್ಯಾಟ್ ಎಳೆದರೆ ತಿಂಗಳಿಗೆ 216.

ಗೃಹಜ್ಯೋತಿ ಪಡೆಯುವ ಮನೆಗಳಿಗೆ ಈ ಕೊನೆಯ ಅಂಕಿ ಬಹಳ ಮುಖ್ಯ. 2023ರ ಜುಲೈನಿಂದ ಜಾರಿಯಲ್ಲಿರುವ ಈ ಉಚಿತ ಕರೆಂಟಿನ ಯೋಜನೆಯಲ್ಲಿ ಮನೆಯ ಉಚಿತ ಪಾಲನ್ನು 2022–23ರ ತಿಂಗಳ ಸರಾಸರಿಯ ಮೇಲೆ ಶೇ. 10 ಸೇರಿಸಿ ಗೊತ್ತುಮಾಡಿದ್ದಾರೆ (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದ ಮನೆಗಳಿಗೆ 2024ರಿಂದ ಶೇ. 10ರ ಬದಲು 10 ಯೂನಿಟ್). ಆ ಪಾಲು ದಾಟಿ 200ರ ಒಳಗಿದ್ದರೆ ಹೆಚ್ಚಿಗೆ ಸುಟ್ಟಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಇಡೀ ಬಿಲ್ಲು ತಲೆ ಮೇಲೆ. ಅಂದರೆ ಬೇಸಿಗೆಯಲ್ಲಿ 200ನೇ ಯೂನಿಟ್ಟಿಗೂ 201ನೇ ಯೂನಿಟ್ಟಿಗೂ ನಡುವೆ ಸಾವಿರ ರೂಪಾಯಿಗೂ ಮೀರಿದ ಹಳ್ಳ ಇರಬಹುದು. ಎರಡು ಹಳೆಯ ಫ್ಯಾನು 72, ಕೂಲರ್ 54, ಫ್ರಿಜ್ಜು 30, ಟಿವಿ, ದೀಪ, ಮೋಟರ್ ಸೇರಿ 30 ಎಂದರೆ 186 ಆಯಿತು. ಇಂಥ ಮನೆ ಹಳ್ಳದ ಅಂಚಿನಲ್ಲೇ ನಿಂತಿದೆ.

ಆದ್ದರಿಂದ ಬಿಲ್ಲು ಬಂದ ದಿನವೇ ಅದರಲ್ಲಿರುವ ಮೀಟರ್ ರೀಡಿಂಗನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹತ್ತನೇ ದಿನ, ಇಪ್ಪತ್ತನೇ ದಿನ ಮೀಟರ್ ನೋಡಿ ಕಳೆಯಿರಿ. ಡಿಜಿಟಲ್ ಮೀಟರಿನಲ್ಲಿ ಹಲವು ಅಂಕಿಗಳು ಒಂದಾದ ಮೇಲೊಂದು ಬರುತ್ತವೆ. ಕೆಡಬ್ಲ್ಯುಎಚ್ ಎಂದು ಪಕ್ಕದಲ್ಲಿರುವುದೇ ಯೂನಿಟ್. ಇಪ್ಪತ್ತನೇ ದಿನಕ್ಕೆ 135 ದಾಟಿದ್ದರೆ ಉಳಿದ ಹತ್ತು ದಿನ ಕೈ ಬಿಗಿ ಹಿಡಿಯಬೇಕು ಎಂದರ್ಥ.

ಮಾಳಿಗೆಗೆ ಸುಣ್ಣ

ಬೂದು ಬಣ್ಣದ ಬರಿ ಕಾಂಕ್ರೀಟು ಬಿದ್ದ ಬಿಸಿಲಿನ ಬಹುಪಾಲನ್ನು ನುಂಗುತ್ತದೆ. ಹೊಸದಾಗಿ ಸುಣ್ಣ ಬಳಿದ ಮಾಳಿಗೆ ಬಹುಪಾಲನ್ನು ಮೇಲಕ್ಕೇ ವಾಪಸು ಕಳಿಸುತ್ತದೆ. ಮಧ್ಯಾಹ್ನ ಎರಡಕ್ಕೆ ಬೂದು ಸ್ಲ್ಯಾಬಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ, ಬಿಳಿ ಮಾಡಿದ ಮಾಳಿಗೆ ಮೇಲೆ ನಡೆಯಬಹುದು. ಒಳಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಅಹಮದಾಬಾದಿನಲ್ಲಿ ಬಡ ಬಡಾವಣೆಗಳ ಸಾವಿರಾರು ಮಾಳಿಗೆಗಳಿಗೆ ಬಿಳಿ ಬಳಿದದ್ದು ಇದೇ ಕಾರಣಕ್ಕೆ. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ತಂದಿತು.

ಶಿವರಾತ್ರಿ ಕಳೆದ ಮೇಲೆ, ಬಿಸಿಲು ಪೂರ್ತಿ ಏರುವ ಮೊದಲು ಈ ಕೆಲಸ ಮುಗಿಸಬೇಕು. 1,000 ಚದರಡಿಗೆ ಎರಡು ಕೈ ಬಳಿಯಲು ಬೇಕಾಗುವುದು ಇಷ್ಟು: ಪುಡಿ ಸುಣ್ಣ 25 ಕೆ.ಜಿ., ಬಿಳಿ ಸಿಮೆಂಟು 4–5 ಕೆ.ಜಿ., ಮರಗೆಲಸಕ್ಕೆ ಬಳಸುವ ಬಿಳಿ ಅಂಟು 1ರಿಂದ ಒಂದೂವರೆ ಕೆ.ಜಿ., ನೀರು 40–50 ಲೀಟರ್, ಎರಡು ಅಗಲ ಬ್ರಷ್ಷು ಅಥವಾ ಗಟ್ಟಿ ಕಸಬರಿಗೆ. ಸಾಮಾನಿನ ಖರ್ಚು ಹೆಚ್ಚೆಂದರೆ ಸಾವಿರದಿಂದ ಒಂದೂವರೆ ಸಾವಿರ. ಮನೆಯವರೇ ಬಳಿದರೆ ಕೂಲಿ ಇಲ್ಲ.

ಮೊದಲು ಮಾಳಿಗೆ ಗುಡಿಸಿ, ಪಾಚಿ ಕಟ್ಟಿದಲ್ಲಿ ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಧೂಳಿನ ಮೇಲೆ ಬಳಿದ ಸುಣ್ಣ ವಾರದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣ ನಿಲ್ಲಲಿಲ್ಲ ಎಂದು ದೂರುವವರಲ್ಲಿ ಬಹಳ ಮಂದಿ ತಪ್ಪುವುದು ಇಲ್ಲೇ. ಬಿರುಕುಗಳಿದ್ದರೆ ಬಿರುಕು ತುಂಬುವ ಪೇಸ್ಟ್ ಹಾಕಿ ಒಣಗಲು ಬಿಡಿ. ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ ಇಡೀ ರಾತ್ರಿ ನೆನೆಸಿ, ಬೆಳಿಗ್ಗೆ ಹಳೆಯ ತೆಳು ಸೀರೆಯಲ್ಲಿ ಸೋಸಿ. ಅಂಗಡಿಯಲ್ಲಿ ಪುಡಿ ಸುಣ್ಣದ ಬದಲು ಸುಟ್ಟ ಸುಣ್ಣದ ಹರಳು ಕೊಟ್ಟರೆ ಎಚ್ಚರ: ಅದು ನೀರು ತಾಕಿದ ಕೂಡಲೇ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಕರಗೀತು, ಕಬ್ಬಿಣದ ಡ್ರಮ್ಮೇ ಬೇಕು. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಸುಣ್ಣ ಕಣ್ಣಿಗೆ ಸಿಡಿದರೆ ಧಾರೆ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಸೋಸಿದ ಸುಣ್ಣಕ್ಕೆ ಅಂಟನ್ನು ಬಿಸಿ ನೀರಿನಲ್ಲಿ ಕದಡಿ ಸೇರಿಸಿ. ಬಿಳಿ ಸಿಮೆಂಟನ್ನು ಮಾತ್ರ ಒಮ್ಮೆಲೇ ಕಲಸಬೇಡಿ. ಒಂದೊಂದೇ ಬಕೆಟ್ಟಿಗೆ, ಒಂದು ಗಂಟೆಯೊಳಗೆ ಬಳಿದು ಮುಗಿಸುವಷ್ಟಕ್ಕೇ ಕಲಸಿ. ಗೋಡೆಗೆ ಸುಣ್ಣ ಹೊಡೆಯುವಾಗ ಅಂಟಲೆಂದು ಉಪ್ಪು ಹಾಕುವ ರೂಢಿ ಕೆಲವೆಡೆ ಇದೆ. ಆರ್‌ಸಿಸಿ ಮಾಳಿಗೆಗೆ ಉಪ್ಪು ಬೇಡವೇ ಬೇಡ, ಅದು ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನೀಲಿಯೂ ಬೇಡ, ಇಲ್ಲಿ ಬೇಕಿರುವುದು ಚೆಂದವಲ್ಲ, ಬಿಳುಪು.

ಬಳಿಯುವುದು ಬೆಳಿಗ್ಗೆ ಏಳರ ಒಳಗೆ ಅಥವಾ ಸಂಜೆ. ಕಾದ ಕಾಂಕ್ರೀಟು ನೀರನ್ನು ಹೀರಿಬಿಟ್ಟರೆ ಸುಣ್ಣ ಪುಡಿಯಾಗಿ ಉಳಿಯುತ್ತದೆ, ಹಾಗಾಗಿ ಮೊದಲು ನೀರು ಚಿಮುಕಿಸಿ. ಮೊದಲ ಕೈ ಉದ್ದಕ್ಕೆ, ಮರುದಿನ ಎರಡನೇ ಕೈ ಅಡ್ಡಕ್ಕೆ. ಎರಡೂ ತೆಳುವಾಗಿರಲಿ, ಮಜ್ಜಿಗೆಗಿಂತ ಗಟ್ಟಿ ಬೇಡ. ಆಮೇಲೆ ಎರಡು ದಿನ ಸಂಜೆ ಹಗುರವಾಗಿ ನೀರು ಚಿಮುಕಿಸಿದರೆ ಸುಣ್ಣ ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ಧೂಳು ತೊಳೆಯಿರಿ, ಧೂಳು ಕೂತ ಬಿಳುಪು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಈ ಸುಣ್ಣ ಒಂದು ಬೇಸಿಗೆಗೆ ಸಾಕು, ಮಳೆಗಾಲ ಅದನ್ನು ತೊಳೆಯುತ್ತದೆ. ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಬಿಡುವವರು ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಹರಿಸಬೇಕು.

ವರ್ಷವೂ ಬಳಿಯಲಾಗದವರು ಬಿಸಿಲು ತಡೆಯುವ ಅಕ್ರಿಲಿಕ್ ಬಣ್ಣ ಕೊಳ್ಳಬಹುದು. ಡಬ್ಬಿಯ ಮೇಲೆ ಎಸ್‌ಆರ್‌ಐ ಎಂಬ ಅಂಕಿ ನೋಡಿ. ಬಣ್ಣ ಬಿಸಿಲನ್ನು ಎಷ್ಟು ವಾಪಸು ಕಳಿಸುತ್ತದೆ ಎಂಬುದರ ಅಳತೆ ಅದು, 100ರ ಆಸುಪಾಸು ಅಥವಾ ಮೇಲಿರಬೇಕು. ಬರಿ ನೀರು ಸೋರದ ಬಣ್ಣವನ್ನು ಇದೇ ಎಂದು ಮಾರುವವರಿದ್ದಾರೆ. ಬೂದು, ಇಟ್ಟಿಗೆ ಬಣ್ಣದ್ದಾದರೆ ಕೈಬಿಡಿ.

ನೆರಳು ಬಲೆ ಇನ್ನೊಂದು ದಾರಿ. ಶೇ. 75ರ ನೆರಳು ಕೊಡುವ ಬಲೆ ಸಾಕು. ಅದನ್ನು ಸ್ಲ್ಯಾಬಿಗೆ ಅಂಟಿಸಿ ಹಾಸಿದರೆ ಬಲೆಯೇ ಕಾದು ಬಿಸಿಯನ್ನು ಕೆಳಗೆ ದಾಟಿಸುತ್ತದೆ. ಕನಿಷ್ಠ ಎರಡು ಮೂರು ಅಡಿ ಮೇಲೆ, ಗಾಳಿ ಆಡುವಂತೆ ಕಟ್ಟಬೇಕು. ಮೇ ತಿಂಗಳ ಬಿರುಗಾಳಿ ಮಳೆಗೆ ಬಲೆ ಹಾಯಿಯಂತೆ ಉಬ್ಬಿ ಕಂಬ ಸಮೇತ ಏಳುತ್ತದೆ. ಅಂಚಿಗೆ ಜಿಐ ತಂತಿ ಪೋಣಿಸಿ, ಮೋಡ ಕಂಡ ಕೂಡಲೇ ಒಂದು ಬದಿ ಬಿಚ್ಚಿ ಬಿಡುವಂತೆ ಗಂಟು ಹಾಕಿ.

ತಗಡಿನ ಮನೆಯ ಕಷ್ಟ ಬೇರೆ. ತಗಡು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಆಗಿಂದಾಗಲೇ ಕೆಳಗೆ ಸುರಿಯುತ್ತದೆ. ಮೇಲೆ ಬಿಳಿ ಬಣ್ಣ, ಕೆಳಗೆ ಅರ್ಧ ಅಡಿ ಜಾಗ ಬಿಟ್ಟು ಬಿದಿರಿನ ತಟ್ಟಿ, ಆ ಜಾಗದ ಎರಡು ತುದಿಗೂ ಗಾಳಿ ಹೋಗಲು ಕಿಂಡಿ. ಥರ್ಮಾಕೋಲ್ ಬೇಡ, ಕಿಡಿ ಬಿದ್ದರೆ ನಂದಿಸಲು ಸಮಯ ಕೊಡುವುದಿಲ್ಲ. ಹಳೆಯ ಮಣ್ಣಿನ ಮೇಲ್ಮುದ್ದೆ ಇರುವವರು ಅದನ್ನು ಕೆಡವಿ ಆರ್‌ಸಿಸಿ ಹಾಕಿಸುವ ಮೊದಲು ಎರಡು ಸಲ ಯೋಚಿಸಿ. ಆ ಮಣ್ಣಿನ ದಪ್ಪ ಮಾಡುವ ಕೆಲಸವನ್ನು ಆಮೇಲೆ ಕರೆಂಟಿನಿಂದ ಮಾಡಿಸಬೇಕಾಗುತ್ತದೆ.

ಕಿಟಕಿಯ ಹೊತ್ತು

ಬೆಳಿಗ್ಗೆ ಎಂಟೂವರೆಗೆ ಎಲ್ಲ ಕಿಟಕಿ ಮುಚ್ಚಿ, ಸಂಜೆ ಹೊರಗಿನ ಗಾಳಿ ಒಳಗಿಗಿಂತ ತಂಪಾದ ಮೇಲೆ ಎಲ್ಲವನ್ನೂ ತೆರೆಯಿರಿ. ಪಡುವಣದ ಕಿಟಕಿಗೆ ಪರದೆ ಒಳಗೆ ಹಾಕಿದರೆ ಬಿಸಿಲು ಗಾಜು ದಾಟಿ ಆಗಲೇ ಒಳಗೆ ಬಂದಾಗಿರುತ್ತದೆ. ಹೊರಗೆ ಗೋಣಿತಟ್ಟು, ಚಾಪೆ, ಬಲೆ ಏನಾದರೂ ತೂಗುಹಾಕಿ, ಅದನ್ನು ಒದ್ದೆ ಮಾಡಿದರೆ ಇನ್ನೂ ಒಳ್ಳೆಯದು. ರೊಟ್ಟಿ ಬಡಿಯುವ ಕೆಲಸ ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಯಲಿ. ಗ್ಯಾಸ್ ಒಲೆಯ ಒಂದು ದೊಡ್ಡ ಉರಿ ಸುಮಾರು 2 ಕಿಲೋವ್ಯಾಟ್ ಶಾಖ ಕೊಡುತ್ತದೆ. ಮಧ್ಯಾಹ್ನ ಆ ಶಾಖವನ್ನು ಹೊರಗೆ ತಳ್ಳಲು ಯಾವ ಕೂಲರಿಗೂ ಕಷ್ಟ.

ಸೂರ್ಯ ಮುಳುಗಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸುವುದು ಹಳೆಯ ಪದ್ಧತಿ, ಅದರ ಹಿಂದೆ ಗಟ್ಟಿ ಲೆಕ್ಕವಿದೆ. ಒಂದು ಲೀಟರ್ ನೀರು ಆವಿಯಾಗುವಾಗ 0.67 ಯೂನಿಟ್ಟಿನಷ್ಟು ಶಾಖ ಹೊತ್ತೊಯ್ಯುತ್ತದೆ. ಕೊಡಗಟ್ಟಲೆ ಸುರಿದು ಹರಿಸುವುದು ದಂಡ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಎರಡು ಬಕೆಟ್ಟಿನಷ್ಟು, ಮಲಗುವ ಕೋಣೆಯ ಮೇಲಷ್ಟೇ ತೆಳುವಾಗಿ ಚಿಮುಕಿಸಿ, ಅದು ಆರಿದ ಮೇಲೆ ಇನ್ನೊಮ್ಮೆ.

ಫ್ಯಾನು

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರು ಆರಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಿದರೆ ಮೋಟರಿನ ಬಿಸಿಯಷ್ಟೇ ಲಾಭ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರಿನ ಫ್ಯಾನು 28–35 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ 16 ಗಂಟೆಯಂತೆ ತಿಂಗಳಿಗೆ ಒಂದು ಫ್ಯಾನಿಗೆ 21 ಯೂನಿಟ್ ಉಳಿತಾಯ. ಯೂನಿಟ್ಟಿಗೆ ತೆರಿಗೆ ಸೇರಿ 7 ರೂಪಾಯಿ ಎಂದು ಹಿಡಿದರೆ, 3,000 ರೂಪಾಯಿಯ ಫ್ಯಾನು ವರ್ಷಕ್ಕೆ ಎಂಟು ತಿಂಗಳು ತಿರುಗುವ ಮನೆಯಲ್ಲಿ ಎರಡೂವರೆ ವರ್ಷಕ್ಕೆ ತನ್ನ ದುಡ್ಡು ತೀರಿಸುತ್ತದೆ. ಬಿಲ್ಲೇ ಸೊನ್ನೆ ಬರುವ ಮನೆಗೆ ಇದರಿಂದ ನೇರ ಲಾಭವಿಲ್ಲ. ಪಾಲಿನ ಅಂಚಿನಲ್ಲೋ 200ರ ಅಂಚಿನಲ್ಲೋ ಇರುವವರಿಗೆ ಮಾತ್ರ ಇದು ಮೊದಲ ಖರೀದಿ ಆಗಬೇಕು. ಹಾಕಿಸುವಾಗ ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರ ಸ್ವಿಚ್ಚಿಗೆ ಕೊಡಿಸಿ. ಅದನ್ನು ನಡುವೆ ಉಳಿಸಿದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಕೆಡುತ್ತದೆ.

ಹಳೆಯ ಫ್ಯಾನು ನಿಧಾನವಾಗಿದೆ ಎಂದು ಬಿಸಾಡುವ ಮುಂಚೆ ಕೆಪಾಸಿಟರ್ ನೋಡಿಸಿ. 2.5 ಮೈಕ್ರೋಫ್ಯಾರಡಿನ ಆ ಪುಟ್ಟ ಡಬ್ಬಿ ವರ್ಷಗಳಲ್ಲಿ ಸೊರಗುತ್ತದೆ. ಹೊಸದಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ. ಹಳೆಯದರ ಅಂಕಿಯದ್ದನ್ನೇ ಹಾಕಿಸಿ, ವೇಗ ಹೆಚ್ಚಲೆಂದು ದೊಡ್ಡ ಅಂಕಿಯದ್ದನ್ನು ಹಾಕಿದರೆ ಸುರುಳಿ ಸುಡುತ್ತದೆ.

ಕೋಣೆಯ ಗಾಳಿ 40 ಡಿಗ್ರಿ ದಾಟಿದ್ದರೆ ಬರಿ ಫ್ಯಾನನ್ನು ನೆಚ್ಚಬೇಡಿ. ಆಗ ಅದು ಬಿಸಿ ಗಾಳಿಯನ್ನೇ ಮೈಗೆ ತುಂಬುತ್ತದೆ. ವಯಸ್ಸಾದವರಿಗೆ, ಎಳೆ ಮಕ್ಕಳಿಗೆ ಒದ್ದೆ ಬಟ್ಟೆ ಒರೆಸುತ್ತಿರಬೇಕು. ಮೈ ಕಾದು, ಮಾತು ತೊದಲಿ, ಮಂಕು ಕವಿದರೆ ಮೈಮೇಲೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ. ಅಲ್ಲಿ ಯೂನಿಟ್ಟಿನ ಲೆಕ್ಕ ಇಲ್ಲ.

ಕೂಲರ್: ಒದ್ದೆ ಬಟ್ಟೆಯ ಪರೀಕ್ಷೆ

ಕೂಲರ್ ಕೊಳ್ಳುವ ಮೊದಲು ನೂರಿನ್ನೂರು ರೂಪಾಯಿಯ ಗಾಜಿನ ಥರ್ಮಾಮೀಟರ್ ತನ್ನಿ. ಜ್ವರ ನೋಡುವುದಲ್ಲ, ಕೋಣೆಯ ಬಿಸಿ ನೋಡುವುದು. ಮಧ್ಯಾಹ್ನ ಮೂರಕ್ಕೆ ನೆರಳಲ್ಲಿ ಹಿಡಿದು ಅಂಕಿ ಬರೆದುಕೊಳ್ಳಿ. ಆಮೇಲೆ ಅದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ. ಅಂಕಿ ಇಳಿಯುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಕೂಲರ್ ಎಷ್ಟೇ ದುಬಾರಿಯದಾಗಿರಲಿ, ಅದಕ್ಕಿಂತ ಕೆಳಗೆ ಇಳಿಸಲಾರದು. ಕೂಲರಿನಲ್ಲಿ ನೀರು ಇಳಿದು ಗಾಳಿಯನ್ನು ತಣಿಸುವ ಒದ್ದೆ ಪದರವೇ ಪ್ಯಾಡು. ಒಳ್ಳೆಯ ಪ್ಯಾಡು ಈ ಎರಡು ಅಂಕಿಗಳ ಅಂತರದ ಸುಮಾರು ಶೇ. 80ರಷ್ಟನ್ನು ಇಳಿಸುತ್ತದೆ.

ರಾಯಚೂರಿನ ಮೇ ಮಧ್ಯಾಹ್ನ 42 ಡಿಗ್ರಿ, ತೇವಾಂಶ ಶೇ. 20 ಎಂದಿಟ್ಟುಕೊಳ್ಳಿ. ಒದ್ದೆ ಬಟ್ಟೆಯ ಅಂಕಿ 24ರ ಹತ್ತಿರ ನಿಲ್ಲುತ್ತದೆ. ಅಂತರ 18, ಅದರ ಶೇ. 80 ಎಂದರೆ 14. ಕೂಲರಿನ ಬಾಯಲ್ಲಿ ಗಾಳಿ 28 ಡಿಗ್ರಿ! ಅದೇ ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ. 65 ಇದ್ದರೆ ಒದ್ದೆ ಬಟ್ಟೆ 28ರ ಮೇಲೇ ನಿಲ್ಲುತ್ತದೆ. ಇಳಿಯುವುದು ನಾಲ್ಕು ಡಿಗ್ರಿ, ಜೊತೆಗೆ ಕೋಣೆ ತುಂಬ ಹಸಿ, ಬೆವರು ಆರದ ಮೈ. ಅಂತರ ಏಳೆಂಟು ಡಿಗ್ರಿಗಿಂತ ಕಡಿಮೆ ಇರುವ ಊರಿನಲ್ಲಿ ಕೂಲರಿಗೆ ಹಾಕುವ ದುಡ್ಡು ನೀರಿಗೆ ಹಾಕಿದಂತೆ. ಕರಾವಳಿಯವರು ಎದುರುಬದುರು ಕಿಟಕಿ, ಬಿಎಲ್‌ಡಿಸಿ ಫ್ಯಾನು, ಆಗದಿದ್ದರೆ ಏಸಿ ಎಂದು ನೇರ ಹೋಗುವುದೇ ಸರಿ.

ಅಳತೆಗೆ ಸರಳ ಸೂತ್ರವಿದೆ. ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಗಳಲ್ಲಿ ಗುಣಿಸಿ ಎರಡರಿಂದ ಭಾಗಿಸಿದರೆ ಬೇಕಾದ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು ಸಿಗುತ್ತದೆ. 12×12×10 ಅಡಿ ಕೋಣೆಗೆ 720. ಡಬ್ಬದ ಮೇಲೆ ಗಂಟೆಗೆ ಘನ ಮೀಟರ್ ಎಂದಿದ್ದರೆ 1.7ರಿಂದ ಗುಣಿಸಿ, ಸುಮಾರು 1,220 ಆಯಿತು. ಬಿಸಿ ಸ್ಲ್ಯಾಬಿನ ಕೆಳಗಿನ ಕೋಣೆಗೆ ಕಾಲುಭಾಗ ಹೆಚ್ಚಿಗೆ ನೋಡಿ.

ಕೂಲರ್ ಹೊರಗಿನ ಒಣ ಗಾಳಿ ಎಳೆಯಬೇಕು, ಆದ್ದರಿಂದ ಕಿಟಕಿಗೆ ಬೆನ್ನು ಮಾಡಿ ಇಡಬೇಕು. ನೆರಳಿನ ಉತ್ತರ ಅಥವಾ ಪೂರ್ವದ ಕಿಟಕಿಯಾದರೆ ಉತ್ತಮ. ಎದುರು ಬದಿಯಲ್ಲಿ ಗಾಳಿ ಹೊರಹೋಗಲು ದಾರಿ ಬೇಕು: ಸಾವಿರ ಸಿಎಫ್‌ಎಂಗೆ ಎರಡು ಚದರಡಿ ಲೆಕ್ಕದಲ್ಲಿ ಕಿಟಕಿ ತೆರೆದಿಡಿ. ತಂಪು ಹೊರಗೆ ಹೋಗುತ್ತದೆಂದು ಬಾಗಿಲು ಕಿಟಕಿ ಬಿಗಿದು ಕೂತರೆ ಅರ್ಧ ಗಂಟೆಯಲ್ಲಿ ಅದೇ ಹಸಿ ಗಾಳಿ ಸುತ್ತಿ ಸುತ್ತಿ, ಹಾಸಿಗೆ ಜಿಗುಟಾಗಿ, ಕೂಲರ್ ಸರಿ ಇಲ್ಲ ಎನ್ನಿಸುತ್ತದೆ. ಕೆಟ್ಟಿರುವುದು ಕೂಲರ್ ಅಲ್ಲ.

ಪ್ಯಾಡಿನ ಹತ್ತಿರ ಒಮ್ಮೆ ಕಣ್ಣಿಟ್ಟು ನೋಡಿ. ಪಂಪು ಹಾಕಿ ಹತ್ತು ನಿಮಿಷದ ಮೇಲೆ ಹಿಂಬದಿಯ ಹುಲ್ಲು ಮೇಲಿಂದ ಕೆಳಗೆ ಒಂದೇ ಸಮ ಕಪ್ಪಾಗಿ ಒದ್ದೆಯಾಗಿರಬೇಕು. ನಡುವೆ ಎರಡು ಬೆರಳಗಲದ ತಿಳಿ ಕಂದು ಪಟ್ಟೆ ಕಂಡರೆ ಅಲ್ಲಿ ನೀರು ಇಳಿಯುತ್ತಿಲ್ಲ. ಆ ಪಟ್ಟೆಯ ಎದುರು ಕೈ ಹಿಡಿದರೆ ಕೋಣೆಯ ಒಳಕ್ಕೆ ನುಗ್ಗುವ ಬಿಸಿ ಗಾಳಿ ಬೆರಳಿಗೇ ತಾಕುತ್ತದೆ. ಮೇಲಿನ ಪೈಪಿನ ತೂತಿಗೆ ಸುಣ್ಣದುಪ್ಪು ಕಟ್ಟಿರುತ್ತದೆ. ಪ್ಲಗ್ ಕಿತ್ತು, ಪೈಪು ಬಿಚ್ಚಿ, ಕಸಬರಿಗೆ ಕಡ್ಡಿಯಿಂದ ಒಂದೊಂದೇ ತೂತು ಚುಚ್ಚಿ. ಪೈಪನ್ನೂ ಪಂಪನ್ನೂ ಒಂದು ಬಕೆಟ್ ನೀರಿಗೆ 100 ಗ್ರಾಂ ನಿಂಬೆಹುಳಿ ಉಪ್ಪು ಹಾಕಿ ಒಂದು ಗಂಟೆ ನೆನೆಸಿದರೆ ಕಟ್ಟಿದ ಪದರ ಬಿಡುತ್ತದೆ. ಬೋರ್‌ವೆಲ್ ನೀರಿನ ಊರಲ್ಲಿ ಇದು ಹದಿನೈದು ದಿನಕ್ಕೊಮ್ಮೆ ಮಾಡಲೇಬೇಕಾದ ಕೆಲಸ.

ಹುಲ್ಲಿನ ಪ್ಯಾಡು ಅಗ್ಗ, ಆದರೆ ಒಂದು ಬೇಸಿಗೆಗೆ ಕುಸಿದು ಮೇಲ್ಭಾಗದಲ್ಲಿ ಸಂದು ಬಿಡುತ್ತದೆ. ಪ್ರತಿ ಮಾರ್ಚಿಗೆ ಹೊಸದು ಹಾಕಿಸಿ. ಜೇನುಗೂಡಿನಂಥ ಪ್ಯಾಡು ದುಬಾರಿ, ನೋಡಿಕೊಂಡರೆ ಎರಡು ಮೂರು ವರ್ಷ ಬಾಳುತ್ತದೆ, ಗಡಸು ನೀರಿನಲ್ಲಿ ಬೇಗ ಕಲ್ಲಾಗುತ್ತದೆ. ಲಾವಂಚದ ತಟ್ಟಿ ಘಮಕ್ಕೆ ಚೆಂದ.

ಟ್ಯಾಂಕಿಗೆ ಐಸು ಹಾಕುವುದರಿಂದ ಏನೂ ಗಿಟ್ಟುವುದಿಲ್ಲ. ಒಂದು ಕೆ.ಜಿ. ಐಸು ಕರಗುವಾಗ ಹೀರುವ ಶಾಖ, ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದರ ಏಳರಲ್ಲಿ ಒಂದು ಪಾಲು. ಆ ಐಸು ಮಾಡಲು ಫ್ರಿಜ್ಜು ಕರೆಂಟು ತಿಂದು ಅದೇ ಮನೆಗೆ ಬಿಸಿ ಬಿಟ್ಟಿರುತ್ತದೆ.

ನೀರಿನ ಖರ್ಚನ್ನೂ ಎಣಿಸಬೇಕು. ಮೇಲೆ ಹೇಳಿದ ಅಳತೆಯ ಕೂಲರ್ ಒಣ ಬಿಸಿಲಿನಲ್ಲಿ ಗಂಟೆಗೆ 7–8 ಲೀಟರ್ ಕುಡಿಯುತ್ತದೆ, ಹತ್ತು ಗಂಟೆಗೆ ಐದಾರು ಕೊಡ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ದೊಡ್ಡ ಕೂಲರಿನಿಂದ ಇಡೀ ಮನೆ ತಣಿಸುವ ಆಸೆ ಬಿಟ್ಟು, ಎಲ್ಲರೂ ಮಲಗುವ ಒಂದು ಕೋಣೆಗೆ ಬೇಕಾದಷ್ಟೇ ಅಳತೆ ತನ್ನಿ. ನೀರು ಆವಿಯಾದಂತೆ ಉಪ್ಪು ಟ್ಯಾಂಕಿನಲ್ಲೇ ಉಳಿಯುವುದರಿಂದ ಎರಡು ಮೂರು ದಿನಕ್ಕೊಮ್ಮೆ ತಳದ ನೀರು ಖಾಲಿ ಮಾಡಿ ಅಂಗಳಕ್ಕೋ ಶೌಚಕ್ಕೋ ಬಳಸಿ. ವಾರಕ್ಕೊಮ್ಮೆ ಟ್ಯಾಂಕನ್ನು ಪೂರ್ತಿ ಒಣಗಿಸಿ ಗೋಡೆ ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನ ಅಂಚಿನಲ್ಲೇ.

ಇನ್ನು ಶಾಕ್. ತಗಡಿನ ಕೂಲರ್, ಒದ್ದೆ ನೆಲ, ಸವೆದ ವೈರು ಮೂರೂ ಸೇರಿದರೆ ಜೀವ ಹೋಗುತ್ತದೆ. ಮೂರು ಪಿನ್ನಿನ ಪ್ಲಗ್ಗು, ನಿಜವಾಗಿ ನೆಲಕ್ಕೆ ಇಳಿದ ಅರ್ಥಿಂಗ್, ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು. ಸ್ವಿಚ್ಚು ಆರಿಸಿದರೆ ಸಾಲದು, ನೀರು ತುಂಬುವಾಗ ಪ್ಲಗ್ಗನ್ನೇ ಕಿತ್ತಿಡಿ. ಆರ್‌ಸಿಸಿಬಿಗೆ ಹಾಕುವ ದುಡ್ಡಿನಲ್ಲಿ ಮಾತ್ರ ಉಳಿತಾಯ ಹುಡುಕಬೇಡಿ.

ಏಸಿ ಬೇಕೇ ಬೇಕೆಂದರೆ

ಖರೀದಿಗೆ ಮುಂಚೆ ಕರೆಂಟು ಉಳಿತಾಯದ ಸ್ಟಾರ್ ಲೇಬಲ್ ಓದಿ. ಅದರಲ್ಲಿ ಬರೆದ ವಾರ್ಷಿಕ ಯೂನಿಟ್ 1,600 ಗಂಟೆ ಬಳಕೆಗೆ ಲೆಕ್ಕ ಹಾಕಿದ್ದು. ಅದನ್ನು 1,600ರಿಂದ ಭಾಗಿಸಿ, ನಿಮ್ಮ ಮನೆಯಲ್ಲಿ ನಿಜವಾಗಿ ಓಡುವ ಗಂಟೆಯಿಂದ ಗುಣಿಸಿ. ಮೂರು ಸ್ಟಾರಿಗೂ ಐದು ಸ್ಟಾರಿಗೂ ಇರುವ ವ್ಯತ್ಯಾಸವನ್ನು 7 ರೂಪಾಯಿಯಂತೆ ದುಡ್ಡಿಗೆ ತಿರುಗಿಸಿ ಬೆಲೆಯ ಅಂತರದ ಎದುರು ಇಡಿ. ನಾಲ್ಕು ತಿಂಗಳು ದಿನವೂ ಓಡಿಸುವ ಕಲಬುರಗಿಯ ಮನೆಗೆ ಐದು ಸ್ಟಾರ್ ತಾಳುತ್ತದೆ. ಏಪ್ರಿಲಿನ ಹದಿನೈದು ಇಪ್ಪತ್ತು ರಾತ್ರಿ ಹಾಕುವ ಬೆಂಗಳೂರಿನ ಮನೆಗೆ ಮೂರು ಸ್ಟಾರ್ ಸಾಕು. ಅಲ್ಲಿ ಮಾಳಿಗೆಗೆ ಸುಣ್ಣ ಬಳಿದರೆ ಏಸಿಯೇ ಬೇಡವಾಗಬಹುದು.

2020ರಿಂದ ಸ್ಟಾರ್ ಇರುವ ಏಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ಅಲ್ಲಿಂದ ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6 ಕರೆಂಟು ಉಳಿಯುತ್ತದೆ. 27ಕ್ಕಿಟ್ಟು ಸೀಲಿಂಗ್ ಫ್ಯಾನನ್ನು ಎರಡನೇ ವೇಗದಲ್ಲಿ ತಿರುಗಿಸಿದರೆ ಮೈಗೆ 24ರಷ್ಟೇ ಹಿತ. ಬೇಗ ತಂಪಾಗಲೆಂದು 16ಕ್ಕೆ ಇಳಿಸುವುದು ತಪ್ಪು ಎಣಿಕೆ: ಕೋಣೆ ಬೇಕಾದ ತಂಪಿಗೆ ಬಂದ ಮೇಲೂ ಯಂತ್ರ ಪೂರ್ತಿ ಬಲದಿಂದ ಓಡುತ್ತಲೇ ಇರುತ್ತದೆ. ಮೊದಲು ಹತ್ತು ನಿಮಿಷ ಕಿಟಕಿ ತೆರೆದು, ಫ್ಯಾನು ಹಾಕಿ, ಹಗಲಿನ ಬಿಸಿ ಗಾಳಿ ಹೊರಗೆ ಕಳಿಸಿ, ಆಮೇಲೆ ಮುಚ್ಚಿ ಏಸಿ ಹಾಕಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ಸುರುಳಿ ಸಾಕು. ಬೆಳಗಿನ ಜಾವ ಮೂರಕ್ಕೆ ಆರುವಂತೆ ಟೈಮರ್ ಇಡಿ, ಆ ಹೊತ್ತಿಗೆ ಸ್ಲ್ಯಾಬು ತಣಿದು ಹೊರಗಿನ ಗಾಳಿಯೂ ಇಳಿದಿರುತ್ತದೆ. ಕೂಲರನ್ನೂ ಏಸಿಯನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕಬೇಡಿ. ಒಂದು ತುಂಬುವ ತೇವವನ್ನು ಇನ್ನೊಂದು ಕರೆಂಟು ಸುಟ್ಟು ತೆಗೆಯಬೇಕಾಗುತ್ತದೆ.

ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೊರಗಿನ ಯೂನಿಟ್ಟಿಗೆ ಹಿಂದೆ ಒಂದು ಅಡಿ, ಮುಂದೆ ಮೂರು ಅಡಿ ತೆರೆದ ಜಾಗ ಬೇಕು. ನೆರಳು ಮಾಡುವುದು ಒಳ್ಳೆಯದು, ಗೂಡು ಕಟ್ಟುವುದು ಕೆಟ್ಟದ್ದು.

ಪ್ರತಿ ಬೇಸಿಗೆಗೆ ‘ಗ್ಯಾಸ್ ಸ್ವಲ್ಪ ಕಡಿಮೆ ಇದೆ, ಟಾಪ್‌ಅಪ್ ಮಾಡ್ತೀನಿ’ ಎನ್ನುವ ಮಾತಿಗೆ ಒಪ್ಪಬೇಡಿ. ಏಸಿಯ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವುದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಹೆಚ್ಚಾಗಿ ಒಳ ಯೂನಿಟ್ಟಿನ ಹಿಂದಿನ ತಾಮ್ರದ ಜೋಡಣೆಯಲ್ಲಿ. ಸಾರಜನಕದ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ನಿಮ್ಮ ಕಣ್ಣಿಗೆ ತೋರಿಸಲಿ. ಅದನ್ನು ಸರಿಪಡಿಸಿ, ಕೊಳವೆಯೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆದು (ವ್ಯಾಕ್ಯೂಮ್), ಆಮೇಲೆ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಎಷ್ಟು ಗ್ರಾಂ ಎಂಬುದು ಹೊರಗಿನ ಯೂನಿಟ್ಟಿನ ತಗಡಿನ ಚೀಟಿಯಲ್ಲೇ ಬರೆದಿರುತ್ತದೆ. ಬರಿ ಕೈ ಅಂದಾಜಿಗೆ ತುಂಬಿದ್ದು ಹೆಚ್ಚಾದರೂ ಕರೆಂಟು ತಿನ್ನುತ್ತದೆ, ಕಡಿಮೆಯಾದರೂ ತಿನ್ನುತ್ತದೆ.

ಮಳೆ ಬಂದ ಮೇಲೆ

ಜೂನಿನಲ್ಲಿ ಮೊದಲ ಮಳೆ ಹಿಡಿದು ಒದ್ದೆ ಬಟ್ಟೆಯ ಅಂತರ ಕುಗ್ಗಿತೆಂದರೆ ಕೂಲರಿನ ಪಂಪು ನಿಲ್ಲಿಸಿ, ಬರಿ ಫ್ಯಾನಾಗಿ ನಡೆಸಿ. ಎತ್ತಿಡುವ ದಿನ ಟ್ಯಾಂಕು ಖಾಲಿ ಮಾಡಿ, ಪಂಪಿಲ್ಲದೆ ಎರಡು ಗಂಟೆ ಗಾಳಿ ಓಡಿಸಿ ಪ್ಯಾಡು ಒಣಗಿಸಿ. ತಗಡಿನ ತಳಕ್ಕೆ ತುಕ್ಕು ಉಜ್ಜಿ ಒಂದು ಕೈ ಬಣ್ಣ ಹಚ್ಚಿ. ಪಂಪನ್ನು ಬಿಚ್ಚಿ ತಿಳಿನೀರಲ್ಲಿ ಎರಡು ನಿಮಿಷ ಓಡಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಉಪ್ಪುನೀರು ಹಾಗೇ ಆರಿದ ಪಂಪು ಮುಂದಿನ ಮಾರ್ಚಿನಲ್ಲಿ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ.